ಬರೆದರೆ ಕಾಸಂತೆ! ಆ ಕಾಸು ಯಾರಪ್ಪನದು?

ಕನ್ನಡದ ಹುಡುಗರೇ, ನನ್ನದೊಂದು ಪುಟ್ಟ ಪ್ರೆಸ್ಸು. ಮದುವೆ ಕಾರ್ಡು, ಬಿಲ್ ಬುಕ್ಕು, ಹ್ಯಾಂಡ್‌ಬಿಲ್ಲು, ಇಷ್ಟೇ ನನ್ನ ಪ್ರಪಂಚ. ನಾಳೆ ಬೆಳಿಗ್ಗೆ ಈ ಪ್ರೆಸ್ಸಿನಲ್ಲಿ ಒಂದು ಲಕ್ಷ ಕೂಪನ್ ಅಚ್ಚು ಹಾಕುತ್ತೇನೆ ಅಂದುಕೊಳ್ಳಿ. ನಾಲ್ಕು ಬಣ್ಣ, ಆರ್ಟ್ ಪೇಪರು, ನಂಬರಿಂಗು ಎಲ್ಲ ಇರುತ್ತೆ. ಎಂಬತ್ತು ಸಾವಿರ ಕೂಪನ್ ನನ್ನ ಬೀರುವಿಗೆ. ಉಳಿದದ್ದು, ನನ್ನ ಪ್ರೆಸ್ಸಿನ ಗೋಡೆಗೆ ಚೆಂದದ ಬರಹ ಅಂಟಿಸಿದವರಿಗೆ ಬಹುಮಾನ. ಯಾರೋ ಒಬ್ಬ ಪುಣ್ಯಾತ್ಮ ಅದರಲ್ಲೊಂದನ್ನು ನೂರು ರೂಪಾಯಿಗೆ ಕೊಂಡ. ಮುಗಿಯಿತು! ಲೆಕ್ಕದ ಪ್ರಕಾರ ನನ್ನ ಬೀರುವಿನಲ್ಲಿ 80 ಲಕ್ಷ ರೂಪಾಯಿ!

ಆ ಕೂಪನ್ ಹಿಡಿದು ಸುಲ್ತಾನ್‌ಪೇಟೆಗೆ ಹೋದರೆ ಪೇಪರ್ ಅಂಗಡಿಯವನು ಒಂದು ರೀಮ್ ಕೊಡುತ್ತಾನಾ? ಮುಖ ನೋಡಿ ನಗುತ್ತಾನೆ. ದರ್ಶಿನಿಯ ಟೋಕನ್ನಿಗೆ ಇಡ್ಲಿ ಬರುತ್ತೆ, ಯಾಕೆಂದರೆ ಒಳಗೆ ಇಡ್ಲಿ ಬೇಯುತ್ತಿದೆ. ನನ್ನ ಕೂಪನ್ನಿನ ಹಿಂದೆ ಏನು ಬೇಯುತ್ತಿದೆ ಸ್ವಾಮಿ?

ತಮಾಷೆ ಅನ್ನಬೇಡಿ. 2016ರಲ್ಲಿ ಅಮೆರಿಕದಲ್ಲಿ ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ ಎಂಬಿಬ್ಬರು ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಹೆಸರು ಸ್ಟೀಮಿಟ್. ಫೇಸ್‌ಬುಕ್ಕಿನಂಥದ್ದೇ ಜಾಗ, ಆದರೆ ಬರೆದವರಿಗೆ, ಬರೆದದ್ದಕ್ಕೆ ಓಟು ಒತ್ತಿದವರಿಗೆ 'ಸ್ಟೀಮ್' ಎಂಬ ನಾಣ್ಯ. ಲೆಕ್ಕವೆಲ್ಲ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಹತ್ತಾರು ಕಡೆ ನಕಲು ಇಟ್ಟಿರುವ, ಕದ್ದು ತಿದ್ದಲಾಗದ ಲೆಕ್ಕದ ಪುಸ್ತಕದಲ್ಲಿ. ಮೊದಮೊದಲು ಹುಟ್ಟಿದ ನಾಣ್ಯಗಳಲ್ಲಿ ಶೇ. 80ರಷ್ಟು ಹೋಗಿದ್ದು ಕಂಪೆನಿಯ ಬೀರುವಿಗೆ! ಆ ವರ್ಷದ ಜುಲೈ 4ಕ್ಕೆ ಮೊದಲ ಬಟವಾಡೆ ಆಯಿತು. ತಿಂಗಳು ತುಂಬುವುದರೊಳಗೆ ಎಲ್ಲ ನಾಣ್ಯಗಳ ಒಟ್ಟು 'ಬೆಲೆ' 30 ಕೋಟಿ ಡಾಲರ್ ದಾಟಿತು ಅಂತ ಜಗತ್ತೆಲ್ಲ ಡಂಗುರ.

ಆ ದುಡ್ಡು ಎಲ್ಲಿಂದ ಬಂತು? ಓದುಗ ಚಂದಾ ಕಟ್ಟಲಿಲ್ಲ. ಸೋಪಿನವನು ಜಾಹೀರಾತು ಕೊಡಲಿಲ್ಲ. ದಿನಾ ಹೊಸ ನಾಣ್ಯ ಹುಟ್ಟಿಸಿದರು, ಹಂಚಿದರು, ಅಷ್ಟೆ. ಮೊದಲ ವರ್ಷದ ನಿಯಮದಲ್ಲಿ ನಾಣ್ಯಗಳ ಸಂಖ್ಯೆ ವರ್ಷಕ್ಕೆ ಎರಡರಷ್ಟಾಗಬೇಕಿತ್ತು. ಇದು ಆಗದ ಮಾತು ಅಂತ ಡಿಸೆಂಬರ್‌ನಲ್ಲಿ ಅವರಿಗೇ ಹೊಳೆದು ಶೇ. 9.5ಕ್ಕೆ ಇಳಿಸಿದರು. ಬರೆದವನ ಕೈಗೆ ರೊಕ್ಕ ಬರಬೇಕಾದರೆ ಅವನ ನಾಣ್ಯವನ್ನು ಇನ್ನೊಬ್ಬ ಕೊಳ್ಳಬೇಕು. ಆ ಇನ್ನೊಬ್ಬ ಯಾಕೆ ಕೊಳ್ಳುತ್ತಾನೆ? ಮತ್ತೊಬ್ಬ ಬಂದು ಹೆಚ್ಚಿಗೆ ಕೊಡುತ್ತಾನೆ ಅಂತ. ನಮ್ಮೂರ ಚೀಟಿ ವ್ಯವಹಾರದವನು ಓಡಿಹೋಗುವ ಹಿಂದಿನ ದಿನದವರೆಗೂ ಇದೇ ನಂಬಿಕೆಯ ಮೇಲೆ ನಡೆಯುತ್ತದೆ.

"ಅಣ್ಣಾ, ಫೇಸ್‌ಬುಕ್ಕು ನಮ್ಮ ಬರಹದ ಮೇಲೆ ದುಡ್ಡು ಮಾಡುತ್ತೆ, ನಮಗೆ ಬಿಡಿಗಾಸು ಕೊಡಲ್ಲ, ಇವರಾದರೂ ಕೊಟ್ಟರಲ್ಲ" ಅನ್ನುತ್ತೀರಿ. ಒಪ್ಪಿದೆ. ಫೇಸ್‌ಬುಕ್ಕಿನ ಒಡೆಯ ಮೆಟಾ 2023ರಲ್ಲಿ 13,400 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು, ಹೆಚ್ಚುಕಡಿಮೆ ಎಲ್ಲವೂ ಜಾಹೀರಾತಿನಿಂದ. ನಿಮ್ಮ ಬೆವರಿನ ಪಾಲು ನಿಮಗೆ ಕೊಡಲಿಲ್ಲ ಎಂಬುದು ನಿಜವಾದ ಅನ್ಯಾಯ. ಆದರೆ ಅಲ್ಲಿ ಹಂಚಿಕೊಳ್ಳಲು ದುಡ್ಡಾದರೂ ಇದೆ. ಹೊರಗಿನವನೊಬ್ಬ ತನಗೆ ಬೇಕಾದ ಕೆಲಸಕ್ಕೆ ಕೊಟ್ಟ ದುಡ್ಡು! ಸ್ಟೀಮಿಟ್‌ನಲ್ಲಿ ಹಂಚಿದ್ದು ಏನನ್ನು?

ಹಂಚಿದ ರೀತಿಯಾದರೂ ನೆಟ್ಟಗಿತ್ತಾ? ಅಲ್ಲಿ ಒಬ್ಬ ಮನುಷ್ಯನಿಗೆ ಒಂದು ಓಟು ಅಲ್ಲ, ನಾಣ್ಯಕ್ಕೆ ಓಟು. 2017ರ ಜೂನ್‌ವರೆಗೂ ಲೆಕ್ಕ ಇನ್ನೂ ಘೋರ: ಹತ್ತು ಪಟ್ಟು ನಾಣ್ಯ ಇದ್ದವನ ಮೆಚ್ಚುಗೆಗೆ ನೂರು ಪಟ್ಟು ತೂಕ. ನೀವು ಕನ್ನಡದಲ್ಲಿ ಬರೆದದ್ದನ್ನು ಸಾವಿರ ಕನ್ನಡಿಗರು ಓದಿ ಕಣ್ಣೀರಿಟ್ಟರೂ, ಅವರ ಹತ್ತಿರ ನಾಣ್ಯ ಇಲ್ಲದಿದ್ದರೆ ನಿಮಗೆ ಸೊನ್ನೆ. ಕನ್ನಡದ ಒಂದಕ್ಷರ ಬಾರದ ದೊಡ್ಡ ಕುಳವೊಂದು ಬೆರಳು ಒತ್ತಿದರೆ ನೂರಾರು ಡಾಲರ್. ಕೊನೆಗೆ ಓಟನ್ನೇ ಬಾಡಿಗೆಗೆ ಕೊಡುವ ಯಂತ್ರಗಳು ಬಂದವು. ಕಾಸು ಕೊಡು, ನಿನ್ನ ಬರಹವನ್ನು ಮೇಲೆತ್ತುತ್ತೇನೆ! ನಮ್ಮ ಚುನಾವಣೆಯಲ್ಲಿ ಇದನ್ನು ಕದ್ದುಮುಚ್ಚಿಯಾದರೂ ಮಾಡುತ್ತಾರೆ.

ನನ್ನ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದ ಹುಡುಗ ಚೆನ್ನಾಗಿ ಬರೆಯುತ್ತಿದ್ದ. 2018ರ ಜನವರಿಯಲ್ಲಿ ಸ್ಟೀಮ್ 8 ಡಾಲರ್ ಮುಟ್ಟಿದಾಗ, ಬೈಕಿಗೆ ಅಂತ ಕೂಡಿಟ್ಟ 40 ಸಾವಿರ ಹಾಕಿ ಕೊಂಡ. ಸಿಕ್ಕಿದ್ದು ನೂರೂ ಇಲ್ಲ. ಓಟಿಗೆ ತೂಕ ಬರಲಿ ಅಂತ ಅದನ್ನು ಒಳಗೆ ಕಟ್ಟಿಟ್ಟ. ಒಮ್ಮೆ ಕಟ್ಟಿಟ್ಟರೆ ಪೂರ್ತಿ ವಾಪಸ್ ಬರಲು 13 ವಾರ, ವಾರಕ್ಕೊಂದು ಕಂತು. ಅವನು ರಾತ್ರಿಯೆಲ್ಲ ಹರಕು ಇಂಗ್ಲಿಷಿನಲ್ಲಿ ಬರೆದ, ಯಾಕೆಂದರೆ ತೂಕದ ಓಟಿನವರಿಗೆ ಕನ್ನಡ ಬರಲ್ಲ. ವರ್ಷದ ಕೊನೆಗೆ ಸ್ಟೀಮ್ ಅರ್ಧ ಡಾಲರ್‌ಗಿಂತ ಕೆಳಗೆ. ಅವನ 40 ಸಾವಿರ ಮೂರು ಸಾವಿರವೂ ಆಗಿರಲಿಲ್ಲ. ಬೈದೆ. ಬೈದದ್ದು ತಪ್ಪು, ಹುಡುಗ ದುರಾಸೆಗಿಂತ ಹೆಚ್ಚಾಗಿ ತನ್ನ ಬರಹಕ್ಕೆ ಬೆಲೆ ಬರುತ್ತೆ ಅಂತ ನಂಬಿದ್ದ.

ಆ ವರ್ಷದ ನವೆಂಬರ್‌ನಲ್ಲಿ ಕಂಪೆನಿ ತನ್ನ ನೌಕರರಲ್ಲಿ ಶೇ. 70ರಷ್ಟು ಜನರನ್ನು ಮನೆಗೆ ಕಳಿಸಿತು. ಕೊಟ್ಟ ಕಾರಣಗಳಲ್ಲಿ ಒಂದನ್ನು ಗಮನವಿಟ್ಟು ಓದಿ: ಸ್ಟೀಮ್ ಮಾರಿ ಬರುತ್ತಿದ್ದ ದುಡ್ಡು ಕಡಿಮೆಯಾಯಿತಂತೆ! ಅಂದರೆ ಸಂಬಳ ಕೊಡಲು ಅವರಿಗಿದ್ದ ದಾರಿ, ಬೀರುವಿನಲ್ಲಿದ್ದ ಕೂಪನ್ನನ್ನು ನಮ್ಮ ಹುಡುಗನಂಥವರಿಗೆ ಮಾರುವುದು. ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಒಂದು ಮಾತು ಅವರ ಪರವಾಗಿಯೂ ಹೇಳಬೇಕು. ಆ ಲೆಕ್ಕದ ಪುಸ್ತಕ ಕೆಲಸ ಮಾಡುತ್ತಿತ್ತು. ಮೂರು ಸೆಕೆಂಡಿಗೊಂದು ಪುಟ, ಕಳಿಸಿದ್ದಕ್ಕೆ ಕಮಿಷನ್ ಇಲ್ಲ, ಮ್ಯಾನೇಜರ್ ಒಬ್ಬನ ಮನಸ್ಸಿಗೆ ಬಂದಂತೆ ಬರಹ ಅಳಿಸುವಂತಿಲ್ಲ. ಒಳ್ಳೆಯ ಯಂತ್ರವೇ. ಆದರೆ ಯಂತ್ರ ಚೆನ್ನಾಗಿದೆ ಅಂತ ಅದರಲ್ಲಿ ಅಚ್ಚಾದದ್ದಕ್ಕೆಲ್ಲ ಬೆಲೆ ಬರುವುದಿಲ್ಲ, ಮುದ್ರಕನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಆ ಪುಸ್ತಕವೂ ಯಾರ ಕೈಯಲ್ಲಿತ್ತು ಎಂಬುದು 2020ರಲ್ಲಿ ಗೊತ್ತಾಯಿತು. ಫೆಬ್ರವರಿಯಲ್ಲಿ ಟ್ರಾನ್ ನಾಣ್ಯದ ಜಸ್ಟಿನ್ ಸನ್ ಕಂಪೆನಿಯನ್ನೇ ಕೊಂಡುಕೊಂಡ, ಬೀರುವಿನ ನಾಣ್ಯಗಳ ಸಮೇತ. ಹಳಬರು ಆ ನಾಣ್ಯಗಳನ್ನು ತಡೆಹಿಡಿದರು. ಮಾರ್ಚ್ 2ಕ್ಕೆ ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್ ವಿನಿಮಯ ಕೇಂದ್ರಗಳಲ್ಲಿ ಗ್ರಾಹಕರು ಇಟ್ಟಿದ್ದ ನಾಣ್ಯಗಳಿಂದಲೂ ಓಟು ಬಿತ್ತು! ಲೆಕ್ಕ ಕಾಯುವ 20 ಮಂದಿಯನ್ನೂ ಕಿತ್ತೊಗೆದು ಹೊಸಬರನ್ನು ಕೂರಿಸಲಾಯಿತು. ಮಾರ್ಚ್ 20ಕ್ಕೆ ಹಳಬರು ಅದೇ ಪುಸ್ತಕದ ನಕಲು ತೆಗೆದು, ಸನ್‌ನ ಪಾಲು ಹೊಡೆದುಹಾಕಿ, 'ಹೈವ್' ಅಂತ ಬೇರೆ ಅಂಗಡಿ ತೆರೆದರು. ಮೇ ತಿಂಗಳಲ್ಲಿ ಸ್ಟೀಮ್‌ನವರು ವಿರೋಧಿಗಳ 64 ಖಾತೆಗಳಿಂದ 2.36 ಕೋಟಿ ನಾಣ್ಯ ಕಿತ್ತುಕೊಂಡರು. ಯಾರೂ ಮುಟ್ಟಲಾಗದ ಲೆಕ್ಕವಂತೆ!

ಇಷ್ಟೆಲ್ಲ ಆದ ಮೇಲೂ ಹೊಸ ಹೊಸ ಹೆಸರಿನಲ್ಲಿ ಇದೇ ಸರಕು ನಿಮ್ಮ ಮೊಬೈಲಿಗೆ ಬರುತ್ತಲೇ ಇದೆ. ನೆನಪಿರಲಿ, 2022ರ ಏಪ್ರಿಲ್‌ನಿಂದ ಇಂಥ ನಾಣ್ಯ ಮಾರಿ ಬಂದ ಲಾಭಕ್ಕೆ ಶೇ. 30 ತೆರಿಗೆ, ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತೆಯೂ ಇಲ್ಲ. ಸರ್ಕಾರಕ್ಕೆ ಅದು ನಾಣ್ಯವಲ್ಲ, ಲಾಟರಿಗೆ ಹಾಕುವಷ್ಟೇ ತೆರಿಗೆ.

ಹೋದ ವಾರ ಒಬ್ಬ ಟೈ ಕಟ್ಟಿದ ಹುಡುಗ ಬಂದಿದ್ದ. 'ಬರೆಯಿರಿ, ಗಳಿಸಿರಿ' ಅಂತ ಹೊಸ ಕಾಯಿನ್ ಸಭೆಗೆ ಎರಡು ಸಾವಿರ ಹ್ಯಾಂಡ್‌ಬಿಲ್ ಬೇಕಂತೆ. "ಪೇಮೆಂಟು ಕಾಯಿನ್‌ನಲ್ಲೇ ಕೊಡ್ತೀಯಾ?" ಅಂದೆ. ನಕ್ಕ. ಜೇಬಿನಿಂದ ಫೋನ್ ತೆಗೆದು, ಗೋಡೆಯ ಕ್ಯೂಆರ್ ಕೋಡಿಗೆ ಹಿಡಿದು ಅಡ್ವಾನ್ಸ್ ಕಳಿಸಿದ. ರೂಪಾಯಿಯಲ್ಲಿ!