ಕ್ರಿಕೆಟ್ ಆಟಗಾರನಾಗುತ್ತೇನೆ ಎನ್ನುವ ಹುಡುಗನಿಗೆ ನಮ್ಮ ಉತ್ತರವೇನು?

ಬೋಧನಾಭ್ಯಾಸಕ್ಕೆಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಪ್ರೌಢಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಮಕ್ಕಳ ಪರಿಚಯ ಮಾಡಿಕೊಳ್ಳುವಾಗ 'ಮುಂದೆ ಏನಾಗುತ್ತೀರಿ?' ಎಂದು ಕೇಳುವುದು ರೂಢಿ. ಪೊಲೀಸ್, ಟೀಚರ್, ಡಾಕ್ಟರ್ ಎಂಬ ಉತ್ತರಗಳ ನಡುವೆ ಹಿಂದಿನ ಬೆಂಚಿನಿಂದ 'ಕ್ರಿಕೆಟ್ ಪ್ಲೇಯರ್ ಆಗ್ತೀನ್ರಿ ಸರ್' ಎಂಬ ಉತ್ತರವೂ ಬರುತ್ತದೆ. ತರಗತಿ ನಗುತ್ತದೆ. ಕೆಲವು ಶಿಕ್ಷಕರು ತಾವೂ ನಗುತ್ತಾರೆ. ಕೆಲವರು 'ಕೊಹ್ಲಿಯಂತಾಗು' ಎಂದು ಹರಸಿ ಪಾಠ ಮುಂದುವರಿಸುತ್ತಾರೆ. ಮೊದಲನೆಯದರಿಂದ ಮಗುವಿಗೆ ಅವಮಾನ, ಎರಡನೆಯದರಿಂದ ಮೋಸ. ಆ ವೃತ್ತಿ ನಿಜವಾಗಿ ಹೇಗಿರುತ್ತದೆ ಎಂದು ತಿಳಿಸುವುದು ಶಿಕ್ಷಕರ ಕೆಲಸ ಎಂಬುದು ನನ್ನ ಅಭಿಪ್ರಾಯ.

ಅದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ರಾಯಚೂರಿನಲ್ಲಿ 1971ರಲ್ಲಿ ಹುಟ್ಟಿದ ಯರೇಗೌಡ ನಮ್ಮ ಭಾಗದವರೇ. ಅವರು ಭಾರತ ತಂಡಕ್ಕೆ ಆಡಲಿಲ್ಲ. ಆದರೆ ನೂರಕ್ಕೂ ಹೆಚ್ಚು ಪ್ರಥಮ ದರ್ಜೆ ಪಂದ್ಯಗಳಲ್ಲಿ ಏಳು ಸಾವಿರಕ್ಕೂ ಮಿಕ್ಕಿ ರನ್ ಗಳಿಸಿದರು. ರೈಲ್ವೇಸ್ ತಂಡ 2001-02ರಲ್ಲಿ ಮತ್ತು 2004-05ರಲ್ಲಿ ರಣಜಿ ಟ್ರೋಫಿ ಗೆದ್ದಾಗ ಅದರ ಮಧ್ಯಮ ಕ್ರಮಾಂಕದ ಆಧಾರವಾಗಿದ್ದರು. ಬಳಿಕ ಕರ್ನಾಟಕಕ್ಕೆ ಮರಳಿ ನಾಯಕತ್ವವನ್ನೂ ವಹಿಸಿದರು. ರೈಲ್ವೇಸ್ ತಂಡದಲ್ಲಿ ಆಡುವವರು ರೈಲ್ವೆ ನೌಕರರು. ದಿನವಿಡೀ ರೈಲಿನ ಸದ್ದು ಕೇಳುವ ವಾಡಿ ಜಂಕ್ಷನ್ನಿನ ಹುಡುಗನಿಗೆ ಈ ಮಾತು ಥಟ್ಟನೆ ಅರ್ಥವಾಗುತ್ತದೆ: ಬ್ಯಾಟಿನಿಂದಲೂ ನೌಕರಿ ಸಿಗಬಹುದು, ನೀಲಿ ಅಂಗಿ ತೊಡದೆಯೂ ಗೌರವದ ಬದುಕು ಕಟ್ಟಿಕೊಳ್ಳಬಹುದು. ಆದರೆ ಕ್ರೀಡಾ ಕೋಟಾದ ನೌಕರಿಗೂ ವಿದ್ಯಾರ್ಹತೆ ಬೇಕು. ಹತ್ತನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟವನಿಗೆ ಆ ಬಾಗಿಲೂ ತೆರೆಯುವುದಿಲ್ಲ.

ಶಿಖರ ಮುಟ್ಟಿದವರ ಕಥೆಯನ್ನೂ ಪೂರ್ತಿಯಾಗಿ ಹೇಳಬೇಕು. ಕರ್ನಾಟಕದ ಕರುಣ್ ನಾಯರ್ 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ರನ್ ಹೊಡೆದರು. ಮರುವರ್ಷವೇ ತಂಡದಿಂದ ಹೊರಬಿದ್ದರು. ಮುಂದೆ ರಾಜ್ಯ ತಂಡದಲ್ಲಿಯೂ ಸ್ಥಾನ ಹೋಯಿತು. ವಿದರ್ಭಕ್ಕೆ ಹೋಗಿ ಆಡಿದರು. ಭಾರತದ ಟೆಸ್ಟ್ ತಂಡಕ್ಕೆ ಮರಳಿದ್ದು 2025ರ ಜೂನ್‌ನಲ್ಲಿ, ಎಂಟು ವರ್ಷಗಳ ನಂತರ. ಮರಳಿದ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ತ್ರಿಶತಕ ಹೊಡೆದವನಿಗೇ ಇಷ್ಟು ಅನಿಶ್ಚಿತವಾದ ವೃತ್ತಿ ಇದು ಎಂದು ಮಕ್ಕಳಿಗೆ ತಿಳಿಯಬೇಡವೆ?

ಇದೇ ಕಥೆಯಲ್ಲಿ ಒಂದು ಒಳ್ಳೆಯ ಗಣಿತದ ಪಾಠವೂ ಇದೆ. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ನಾಯರ್ 8 ಇನಿಂಗ್ಸ್‌ಗಳಲ್ಲಿ ಗಳಿಸಿದ್ದು 779 ರನ್, ಸರಾಸರಿ 389.5. ಕಪ್ಪು ಹಲಗೆಯ ಮೇಲೆ ಇದನ್ನು ಬರೆದು 'ಹೇಗೆ ಬಂತು?' ಎಂದು ಕೇಳಿ ನೋಡಿ. ಮಕ್ಕಳು ಮೊದಲು 779ನ್ನು 8ರಿಂದ ಭಾಗಿಸುತ್ತಾರೆ, ಲೆಕ್ಕ ತಾಳೆಯಾಗುವುದಿಲ್ಲ. ಬ್ಯಾಟಿಂಗ್ ಸರಾಸರಿಗೆ ಭಾಗಿಸಬೇಕಾದುದು ಔಟಾದ ಸಲಗಳಿಂದ, ಅವರು ಔಟಾದುದು ಎರಡೇ ಸಲ ಎಂದು ಅವರೇ ಕಂಡುಕೊಳ್ಳುವಾಗ ಹಿಂದಿನ ಬೆಂಚು ಮುಂದಕ್ಕೆ ಬರುತ್ತದೆ.

ಪಾಠದ ಆಚೆಗೂ ಶಿಕ್ಷಕರು ಮಾಡಬೇಕಾದ ಕೆಲಸಗಳಿವೆ. ಮೊದಲನೆಯದು ದಾಖಲಾತಿ ಪುಸ್ತಕದಲ್ಲಿನ ಜನ್ಮದಿನಾಂಕ. ಅಂದಾಜಿಗೆ 'ಜೂನ್ 1' ಎಂದು ಬರೆಯುವ ಹಳೆಯ ಅಭ್ಯಾಸ ನಮ್ಮಲ್ಲಿ ಪೂರ್ತಿ ಹೋಗಿಲ್ಲ. ಕ್ರಿಕೆಟ್‌ನಲ್ಲಿ ಕಿರಿಯರ ಆಯ್ಕೆ ನಡೆಯುವುದೇ ವಯೋಮಿತಿಯ ಮೇಲೆ. ಮೂಳೆಯ ಪರೀಕ್ಷೆಯೂ ಇರುತ್ತದೆ. ಒಂದು ತಪ್ಪು ದಿನಾಂಕದಿಂದ ಮಗುವಿನ ಅವಕಾಶವೇ ತಪ್ಪಬಹುದು. ಎರಡನೆಯದು ಮಾಹಿತಿ. ನಮ್ಮ ಜಿಲ್ಲೆ ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯಕ್ಕೆ ಸೇರಿದೆ. ವಲಯ ತಂಡದ ಆಯ್ಕೆ ಯಾವಾಗ, ಎಲ್ಲಿ ಎಂಬುದು ಚಿಂಚೋಳಿಯ ತಾಂಡಾದ ಮಗುವಿಗೆ ತಾನಾಗಿ ತಿಳಿಯುವುದಿಲ್ಲ, ಶಾಲೆಯೇ ತಿಳಿಸಬೇಕು. ಹುಡುಗಿಯರಿಗೂ ತಿಳಿಸಬೇಕು. ವಿಜಯಪುರದ ರಾಜೇಶ್ವರಿ ಗಾಯಕವಾಡ ಭಾರತ ತಂಡದಲ್ಲಿ ಆಡಿದ್ದನ್ನು ಮರೆಯಬಾರದು. ಮೂರನೆಯದು, ಟೆನಿಸ್ ಚೆಂಡಿನಲ್ಲಿ ಸಿಕ್ಸರ್ ಹೊಡೆಯುವುದಕ್ಕೂ ಲೆದರ್ ಚೆಂಡಿನ ಎದುರು ಗಂಟೆಗಟ್ಟಲೆ ನಿಲ್ಲುವುದಕ್ಕೂ ಇರುವ ಅಂತರವನ್ನು ದೈಹಿಕ ಶಿಕ್ಷಣ ಶಿಕ್ಷಕರ ನೆರವಿನಿಂದ ತೋರಿಸಿಕೊಡುವುದು.

ತೊಗರಿ ಹೊಲದ ಕೂಲಿಕಾರರ, ಕಲ್ಲುಗಣಿಯ ಕೆಲಸಗಾರರ ಮಕ್ಕಳಿಗೆ ಇಷ್ಟೆಲ್ಲ ಕಠಿಣ ಸತ್ಯ ಹೇಳಿದರೆ ಇರುವ ಒಂದು ಕನಸೂ ಕಮರುವುದಿಲ್ಲವೆ ಎಂದು ಕೆಲವರು ಕೇಳಬಹುದು. ಆದರೆ ಕಲ್ಲು ಎಲ್ಲಿ ಒಡೆಯುತ್ತದೆ, ಮಳೆ ತಪ್ಪಿದರೆ ತೊಗರಿ ಏನಾಗುತ್ತದೆ ಎಂದು ಬಲ್ಲ ಮಕ್ಕಳು ಅವರು, ಸತ್ಯಕ್ಕೆ ಹೆದರುವವರಲ್ಲ. ಮುಂದಿನ ಬೋಧನಾಭ್ಯಾಸದಲ್ಲಿ ಅಂಥ ಉತ್ತರ ಬಂದಾಗ ನಗು ನಿಲ್ಲಿಸಿ, 'ಎಷ್ಟನೇ ಕ್ರಮಾಂಕದಲ್ಲಿ ಆಡ್ತೀಯಪ್ಪ?' ಎಂದು ಕೇಳೋಣ. ಮಾತು ಅಲ್ಲಿಂದ ಮುಂದುವರಿಯಲಿ.