ಜಠರದ ಬಯಾಪ್ಸಿ ವರದಿ ಕೈಗೆ ಬಂದಾಗ



ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಮೇಲ್ಹೊಟ್ಟೆಯ ನೋವು, ಪದೇ ಪದೇ ವಾಂತಿ: ಇದಕ್ಕೆಲ್ಲ ನಾವು ಗ್ಯಾಸ್ಟ್ರಿಕ್ ಎಂದುಕೊಂಡು ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ತಿಂಗಳು ದೂಡುತ್ತೇವೆ. ಆ ಮಾತ್ರೆ ಕ್ಯಾನ್ಸರಿನ ಆರಂಭದ ನೋವನ್ನೂ ಕೆಲಕಾಲ ಅಡಗಿಸಬಲ್ಲದು. ತೂಕ ಇಳಿಯುತ್ತಿದ್ದರೆ, ಮಲ ಕಪ್ಪಗಾಗಿದ್ದರೆ ದಯವಿಟ್ಟು ಎಂಡೋಸ್ಕೋಪಿ ಮಾಡಿಸಿ.

ಅದರ ಮುಂದಿನ ಹಂತದ, ಅಂದರೆ ಜಠರದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯ ಬಗ್ಗೆಯೇ ನನಗೆ ಹೆಚ್ಚು ಕಳವಳ. ಸಾರ್ಕಾಯ್ಡೋಸಿಸ್ ಎಂಬ ಕಾಯಿಲೆಯಿದೆ. ಅದರಲ್ಲಿ ರೋಗನಿರೋಧಕ ಕಣಗಳು ಒತ್ತಾಗಿ ಗುಂಪುಗೂಡಿ ಗ್ರಾನ್ಯುಲೋಮಾ ಎಂಬ ಸೂಕ್ಷ್ಮ ಗಂಟುಗಳಾಗುತ್ತವೆ. ಸಾಮಾನ್ಯವಾಗಿ ಶ್ವಾಸಕೋಶದಲ್ಲಿ ಕಾಣುತ್ತವೆ, ಜಠರದಲ್ಲಿ ಬಲು ಅಪರೂಪ. ಅಲ್ಲಿ ಬಂದಾಗ ಗೋಡೆ ದಪ್ಪಗಾಗಿ, ಹುಣ್ಣಾಗಿ, ಆಹಾರ ಮುಂದೆ ಸಾಗುವ ದಾರಿ ಕಿರಿದಾಗಿ, ನೋಡಲು ಥೇಟ್ ಕ್ಯಾನ್ಸರಿನಂತೆಯೇ ಇರಬಹುದು. ಅದು ಕ್ಯಾನ್ಸರ್ ಅಲ್ಲ. ಸ್ಟೀರಾಯ್ಡ್ ಚಿಕಿತ್ಸೆಯಿಂದ ಎಷ್ಟೋ ಮಂದಿ ಚೇತರಿಸಿಕೊಳ್ಳುತ್ತಾರೆ. ಹಾಗಾಗಿ ಎಂಡೋಸ್ಕೋಪಿಯ ಚಿತ್ರ ನೋಡಿದ ಕೂಡಲೇ ಮನೆಮಂದಿ ಕಂಗೆಡಬೇಡಿ.

ಬಯಾಪ್ಸಿಯಲ್ಲಿ ಗ್ರಾನ್ಯುಲೋಮಾ ಎಂದು ಬಂತೆಂದು ನಿಶ್ಚಿಂತರಾಗಿಯೂ ಕೂರಬೇಡಿ. ಕ್ಯಾನ್ಸರ್ ಗಡ್ಡೆಯ ಆಸುಪಾಸಿನಲ್ಲಿ, ಅದರ ಪಕ್ಕದ ದುಗ್ಧಗ್ರಂಥಿಗಳಲ್ಲಿ ಇಂಥವೇ ಗಂಟುಗಳು ಹುಟ್ಟುವುದುಂಟು. ಒಂದು ಬಗೆಯ ಜಠರ ಕ್ಯಾನ್ಸರ್ ಮೇಲ್ಪದರವನ್ನು ಬಿಟ್ಟು ಗೋಡೆಯೊಳಗೇ ಹರಡುತ್ತದೆ. ಮೇಲಿಂದ ಕಿತ್ತ ಚೂರಿನಲ್ಲಿ ಅದು ಸಿಗದೇ ಹೋಗಬಹುದು. ಇನ್ನು ನಮ್ಮ ನಾಡಿನಲ್ಲಿ ಗ್ರಾನ್ಯುಲೋಮಾ ಕಂಡರೆ ಮೊದಲು ನೆನೆಯಬೇಕಾದದ್ದು ಟಿಬಿಯನ್ನು. ಅದನ್ನು ಪರೀಕ್ಷಿಸದೆ ಬರಿದೇ ಸ್ಟೀರಾಯ್ಡ್ ಕೊಟ್ಟರೆ, ಟಿಬಿ ಇದ್ದಲ್ಲಿ ಅದು ಭುಗಿಲೇಳಬಹುದು. ಹೆಲಿಕೋಬ್ಯಾಕ್ಟರ್ ಪೈಲೋರಿ ಸೋಂಕನ್ನೂ ನೋಡಬೇಕು. ಆ ಬ್ಯಾಕ್ಟೀರಿಯಾ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1994ರಲ್ಲೇ ಹೇಳಿದೆ, ಮತ್ತು ಅದಕ್ಕೆ ಔಷಧಿಯಿದೆ.

ಆದ್ದರಿಂದ ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ: ಚೂರುಗಳನ್ನು ಹಲವು ಕಡೆಯಿಂದ, ಸಾಕಷ್ಟು ಆಳದಿಂದ ತೆಗೆದಿದ್ದೀರಾ? ಟಿಬಿ ಪರೀಕ್ಷೆ ಆಯಿತೇ? ಎದೆಯ ಸ್ಕ್ಯಾನ್ ಬೇಕೇ? ಅನುಮಾನ ಉಳಿದರೆ ಬಯಾಪ್ಸಿಯ ಸ್ಲೈಡುಗಳನ್ನು ಕೇಳಿ ಪಡೆದು ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇನ್ನೊಮ್ಮೆ ತೋರಿಸಿ. ಹಾಗೆ ಕೇಳುವುದು ಡಾಕ್ಟರಿಗೆ ಮಾಡುವ ಅವಮಾನವಲ್ಲ.

ಸಾರ್ಕಾಯ್ಡೋಸಿಸ್ ಎಂದು ಖಚಿತವಾಗಿ ಸ್ಟೀರಾಯ್ಡ್ ಶುರುವಾದ ಮೇಲೆ ಹಸಿವು ಮರಳುತ್ತದೆ, ಮುಖದಲ್ಲಿ ಗೆಲುವು ಕಾಣುತ್ತದೆ. ಆಗಲೇ ಬಹಳ ಮಂದಿಗೆ ಮತ್ತೆ ಆಸ್ಪತ್ರೆಗೆ ಹೋಗಲು ಮನಸ್ಸಾಗುವುದಿಲ್ಲ. ಮಾತ್ರೆಯನ್ನು ತಟ್ಟನೆ ನಿಲ್ಲಿಸಬೇಡಿ. ಮರು ಎಂಡೋಸ್ಕೋಪಿಗೆ ಕೊಟ್ಟ ತಾರೀಖನ್ನು, ನೋವಿಲ್ಲದಿದ್ದರೂ, ತಪ್ಪಿಸಬೇಡಿ.