ಎಣಿಕೆಯ ಕನ್ನಡ

ಹೊರನಾಡಿನಲ್ಲಿ ಕನ್ನಡದ ಉಳಿವನ್ನು ಕುರಿತು ಮಾತನಾಡುವಾಗ ನಾವು ಅಕ್ಷರವನ್ನು ನೆನೆಯುತ್ತೇವೆ, ಅಂಕಿಯನ್ನು ಮರೆಯುತ್ತೇವೆ. ಕೇಂದ್ರ ಸರ್ಕಾರದ ಸೇವೆಯಲ್ಲಿ ಅಂಕಿ ಅಂಶಗಳ ನಡುವೆಯೇ ದಿನಗಳೆಯುತ್ತಿರುವ ನನಗೆ ಈ ಮರೆವು ಸಣ್ಣದೆಂದು ತೋರುವುದಿಲ್ಲ.

ನಾವು ನೆಲೆಸಿರುವ ಮಹಾರಾಷ್ಟ್ರದಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಯವತಮಾಳ ಜಿಲ್ಲೆಯಲ್ಲಿಯೂ ನೆರೆಯ ಆದಿಲಾಬಾದ್ ಸೀಮೆಯಲ್ಲಿಯೂ ವಾಸಿಸುವ ಕೋಲಾಮ ಬುಡಕಟ್ಟಿನವರ ನುಡಿ ಕೋಲಾಮಿ. ಕನ್ನಡದಂತೆಯೇ ದ್ರಾವಿಡ ಭಾಷೆ. 2011ರ ಜನಗಣತಿಯಂತೆ ಅದನ್ನಾಡುವವರು ಸುಮಾರು 1.28 ಲಕ್ಷ ಮಂದಿ. 1955ರಲ್ಲಿ ಎಮೆನೊ ಅವರು ಆ ಭಾಷೆಯನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದರು. ಮೂರಕ್ಕೆ ಅವರು ‘ಮೂಂದಿಂಗ್’ ಎನ್ನುತ್ತಾರೆ, ನಾಲ್ಕಕ್ಕೆ ‘ನಾಲಿಂಗ್’. ನಂಟು ನಮ್ಮ ಕಿವಿಗೆ ತಾನೇ ಕೇಳಿಸುತ್ತದೆ. ಎರಡರಿಂದ ನಾಲ್ಕರವರೆಗೆ ಗಂಡಸರನ್ನು, ಹೆಂಗಸರನ್ನು, ವಸ್ತುಗಳನ್ನು ಎಣಿಸಲು ಬೇರೆ ಬೇರೆ ರೂಪಗಳೂ ಉಂಟು. ಆದರೆ ಐದರಿಂದ ಮುಂದಿನವೆಲ್ಲ ತೆಲುಗಿನಿಂದ ಬಂದವು. ಬಲೂಚಿಸ್ತಾನದ ಬ್ರಾಹುಯಿ ಭಾಷೆಯಲ್ಲಂತೂ ಮೂರರವರೆಗೆ ಮಾತ್ರ ದ್ರಾವಿಡ ಪದಗಳು ಉಳಿದಿವೆ.

ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮನೆಯೊಳಗೆ ಮೂರು ನಾಲ್ಕು ಸಾಕು. ದೊಡ್ಡ ಸಂಖ್ಯೆ ಬೇಕಾಗುವುದು ಸಂತೆಯಲ್ಲಿ, ಸಾಲದಲ್ಲಿ, ಕಂದಾಯದಲ್ಲಿ. ಅಲ್ಲಿ ನಡೆಯುವುದು ಬಲವುಳ್ಳವರ ನುಡಿ.

ಎರವಲು ದೋಷವೆಂದು ನಾನು ಹೇಳುತ್ತಿಲ್ಲ. ನಮ್ಮ ‘ಸಾವಿರ’ವೂ ಸಂಸ್ಕೃತದ ‘ಸಹಸ್ರ’ದಿಂದ ಬಂದುದೇ. ಆದರೆ ಅದು ನೂರರ ಮೇಲೆ ಬಂದು ಸೇರಿತು, ಕೆಳಗಿನದನ್ನು ಅಳಿಸಲಿಲ್ಲ. ವಾಗ್ಳೆ ಎಸ್ಟೇಟಿನ ನಮ್ಮ ಮನೆಗಳಲ್ಲಿ ಅಚ್ಚುಕಟ್ಟಾಗಿ ಕನ್ನಡವಾಡುವ ಮಕ್ಕಳಿಗೂ ‘ಎಪ್ಪತ್ತೆಂಟು’ ಎಂದರೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಬೇಕಾಗಿದೆ. ‘ಮೂವರು’, ‘ನಾಲ್ವರು’ ಎಂಬ ಮಾತುಗಳು ಹೋಗಿ ‘ಮೂರು ಜನ’, ‘ನಾಲ್ಕು ಜನ’ ಉಳಿದಿವೆ. ಮನುಷ್ಯರನ್ನು ವಸ್ತುಗಳಿಂದ ಬೇರೆಯಾಗಿ ಎಣಿಸುವ ಸೊಗಸನ್ನು ಕೋಲಾಮರು ಉಳಿಸಿಕೊಂಡಿದ್ದಾರೆ, ನಾವು ಬಿಟ್ಟುಕೊಡುತ್ತಿದ್ದೇವೆ.

ಕನ್ನಡದ ಎಣಿಕೆ ಮಕ್ಕಳಿಗೆ ಹೊರೆಯೆಂಬ ವಾದವೂ ನಿಲ್ಲದು. 2019ರಲ್ಲಿ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕವು ‘ಏಕವೀಸ್’ ಎಂಬುದರ ಜೊತೆಗೆ ‘ವೀಸ್ ಏಕ್’ ಎಂಬ ಕ್ರಮವನ್ನು ತಂದಾಗ ದೊಡ್ಡ ವಿವಾದವೇ ಎದ್ದಿತು. ಹತ್ತು ಮೊದಲು, ಬಿಡಿ ಆಮೇಲೆ ಎಂಬ ಆ ಸುಲಭ ಕ್ರಮ ನಮ್ಮ ‘ಇಪ್ಪತ್ತೊಂದ’ರಲ್ಲಿ ಸಹಜವಾಗಿಯೇ ಇದೆ.

ಬಾಯಿಪಾಠದಿಂದ ಮಾತ್ರ ಸಂಖ್ಯೆಗಳು ಉಳಿಯವು, ವ್ಯವಹಾರದಿಂದ ಉಳಿಯುತ್ತವೆ. ಸಂಘದ ಆಯವ್ಯಯವನ್ನು ಸಭೆಯಲ್ಲಿ ಕನ್ನಡದ ಸಂಖ್ಯೆಗಳಲ್ಲಿ ಓದೋಣ. ಮಕ್ಕಳ ಆಟದ ಅಂಕಗಳನ್ನು, ಲಕ್ಕಿ ಡಿಪ್ಪಿನ ಚೀಟಿಗಳನ್ನು ಕನ್ನಡದಲ್ಲಿ ಕೂಗೋಣ. ಖರ್ಚಿಲ್ಲದ ಈ ಕೆಲಸಕ್ಕೆ ಯಾವ ಸರ್ಕಾರದ ಅನುದಾನವೂ ಬೇಕಿಲ್ಲ.